ಸರ್ ಎಂ.ವಿ: ನದಿಯ ಲೆಕ್ಕ ಬರೆದಿಟ್ಟ ಬಾಳು

ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತಲಿನ ಬಯಲಿನಿಂದ ಉತ್ತರಕ್ಕೆ ನೋಡಿದರೆ ನಂದಿ ಬೆಟ್ಟದ ಸಾಲು ಕಣ್ಣಿಗೆ ಬೀಳುತ್ತದೆ. ಇಂದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೀರಿನ ಕಥೆಯೆಲ್ಲ ಬಹುಮಟ್ಟಿಗೆ ಅಲ್ಲಿಂದಲೇ ಆರಂಭವಾಗುತ್ತದೆ. ಅರ್ಕಾವತಿ ಆ ಬೆಟ್ಟದಿಂದಿಳಿದು ದೊಡ್ಡಬಳ್ಳಾಪುರ ಸೀಮೆಯ ಕೆರೆಗಳನ್ನು ತುಂಬಿಸಿಕೊಂಡು ಹೆಸರಘಟ್ಟದ ದಾರಿ ಹಿಡಿಯುತ್ತದೆ. ಅದೇ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೆ ಹರಿಯುತ್ತದೆ. ನೆಲಮಂಗಲದ ಬದಿಯ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ.

ಆ ನಂದಿಯ ತಪ್ಪಲಿನಲ್ಲಿಯೇ, ಅಂದು ಕೋಲಾರ ಜಿಲ್ಲೆಗೂ ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿದ ಮುದ್ದೇನಹಳ್ಳಿಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದರು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ದೇಶ ಇಂಜಿನಿಯರುಗಳ ದಿನವನ್ನಾಗಿ ಆಚರಿಸುತ್ತದೆ. ಆ ದಿನ ಅವರ ಶಿಸ್ತು, ಸಮಯಪಾಲನೆ, ಸರ್ಕಾರಿ ಮೇಣದಬತ್ತಿ ಮತ್ತು ಸ್ವಂತ ಮೇಣದಬತ್ತಿಯ ಕಥೆಗಳು ವೇದಿಕೆಗಳ ಮೇಲೆ ಮತ್ತೆ ಮತ್ತೆ ಕೇಳಿಬರುತ್ತವೆ. ಆದರೆ ನೂರು ವರ್ಷಗಳ ಆ ಬಾಳಿನ ಮುಖ್ಯ ಎಳೆ ನೀರಿನ ಲೆಕ್ಕ. ಎಷ್ಟು ಮಳೆ ಬಿದ್ದರೆ ನದಿಯಲ್ಲಿ ಎಷ್ಟು ನೀರು ಬಂದೀತು, ಅದು ಯಾವಾಗ ಬಂದೀತು, ಬಂದಾಗ ನಾವು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳೊಂದಿಗೆ ಅವರು ಜೀವನವಿಡೀ ಸೆಣಸಿದರು. ಇಂದು ಅವೇ ಪ್ರಶ್ನೆಗಳಿಗೆ ಕಂಪ್ಯೂಟರ್ ಮುಂದೆ ಕುಳಿತ ತಂತ್ರಜ್ಞರು ಉತ್ತರ ಹುಡುಕುತ್ತಿದ್ದಾರೆ. ಆದ್ದರಿಂದ ಆ ಬಾಳನ್ನು ಈ ದಿಕ್ಕಿನಿಂದ ಒಮ್ಮೆ ನೋಡುವುದು ಉಚಿತ.

ಮುದ್ದೇನಹಳ್ಳಿಯಿಂದ ಪುಣೆಗೆ

ಆಂಧ್ರದ ಮೋಕ್ಷಗುಂಡಂ ಎಂಬ ಊರಿನಿಂದ ವಲಸೆ ಬಂದ ಮನೆತನ ಅವರದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ಮುಗಿಸಿ, ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದ. ಮನೆಪಾಠ ಹೇಳಿ ಓದಿನ ಖರ್ಚನ್ನು ಹೊಂದಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಆತನನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದ ವಿಶ್ವೇಶ್ವರಯ್ಯನವರು, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇರಿದರು.

ಮೊದಲ ದಿನಗಳಲ್ಲಿಯೇ ನದಿಗಳು ಅವರನ್ನು ಪರೀಕ್ಷೆಗೆ ಒಡ್ಡಿದವು. ಖಾನ್‌ದೇಶದಲ್ಲಿ ಪಾಂಜ್ರಾ ನದಿಯ ಅಡಿಯಿಂದ ನೀರು ಹಾಯಿಸುವ ಸೈಫನ್ ಕಾಮಗಾರಿಯನ್ನು ಮಳೆಗಾಲದ ಪ್ರವಾಹಗಳ ನಡುವೆ ಪೂರೈಸಬೇಕಾಯಿತು. ಮುಂದೆ ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಕುಡಿಯುವ ನೀರು ಒದಗಿಸುವ ಹೊಣೆ ಬಂತು. ಸಿಂಧೂ ನದಿಯ ನೀರು ಸದಾ ಕೆಸರಿನಿಂದ ಕೂಡಿದ್ದು, ಅದನ್ನು ಶೋಧಿಸುವ ದೊಡ್ಡ ಯಂತ್ರಗಳಿಗೆ ಊರಿನ ಬೊಕ್ಕಸದಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿ ಶೋಧಗೊಂಡ ನೀರನ್ನು ಮೇಲೆತ್ತುವ ವ್ಯವಸ್ಥೆ ಮಾಡಿದರು. ನದಿಯನ್ನು ಅದರ ಸ್ವಭಾವದಂತೆಯೇ ದುಡಿಸಿಕೊಳ್ಳುವ ಈ ರೀತಿ ಅವರ ಮುಂದಿನ ಕೆಲಸಗಳಲ್ಲಿಯೂ ಕಾಣುತ್ತದೆ.

ತಾನಾಗಿ ತೆರೆಯುವ ಬಾಗಿಲು

1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರ ಹೆಸರನ್ನು ದೇಶಾದ್ಯಂತ ಹರಡಿದ ಸ್ವಯಂಚಾಲಿತ ಬಾಗಿಲುಗಳು ಅಳವಡಿಕೆಯಾದವು. ಮಳೆಗಾಲದಲ್ಲಿ ಕೋಡಿಯ ಮೇಲಿಂದ ವ್ಯರ್ಥವಾಗಿ ಹರಿದುಹೋಗುವ ನೀರನ್ನು ಹಿಡಿದಿಡಬೇಕು, ಆದರೆ ಅಣೆಕಟ್ಟಿಗೆ ಅಪಾಯವಾಗಬಾರದು. ಇದೇ ಸಮಸ್ಯೆ. ಅಣೆಕಟ್ಟನ್ನು ಎತ್ತರಿಸದೆ ಕೋಡಿಯ ಮೇಲೆ ಬಾಗಿಲುಗಳನ್ನು ನಿಲ್ಲಿಸಿ, ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತೆ ಅವರು ಮಾಡಿದರು. ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಇಳಿದೊಡನೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಡುರಾತ್ರಿ ಪ್ರವಾಹ ಬಂದರೂ ಕಾವಲುಗಾರ ಓಡಿಬರಬೇಕಿರಲಿಲ್ಲ. ಇದಕ್ಕೆ ಪೇಟೆಂಟ್ ದೊರೆತರೂ ಅದರ ರಾಯಧನವನ್ನು ಅವರು ಸ್ವೀಕರಿಸಲಿಲ್ಲ. ಮುಂದೆ ಗ್ವಾಲಿಯರ್‌ನ ಟೀಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಈ ವಿಧಾನ ಬಂತು.

ಆ ಬಾಗಿಲಿನ ಶಕ್ತಿ ಎಷ್ಟು ದೊಡ್ಡದೋ ಅದರ ಮಿತಿಯೂ ಅಷ್ಟೇ ಸ್ಪಷ್ಟ. ಅದಕ್ಕೆ ತಿಳಿಯುತ್ತಿದ್ದುದು ಈ ಕ್ಷಣದ ನೀರಿನ ಮಟ್ಟವೊಂದೇ. ಮೇಲಿನ ಕಣಿವೆಯಲ್ಲಿ ನಾಳೆ ಎಷ್ಟು ಮಳೆ ಬೀಳುತ್ತದೆ, ಇಂದು ರಾತ್ರಿ ಬಿದ್ದ ಮಳೆ ನಾಡಿದ್ದು ಎಷ್ಟು ನೀರಾಗಿ ಬರುತ್ತದೆ ಎಂಬುದು ಅದಕ್ಕೆ ತಿಳಿಯದು. ಬಂದ ನೀರಿಗೆ ಅದು ಓಗೊಡಬಲ್ಲದು, ಬರಲಿರುವ ನೀರಿಗೆ ಜಾಗ ಮಾಡಿಕೊಡಲಾರದು. ಮುನ್ಸೂಚನೆಯ ವಿಜ್ಞಾನ ತುಂಬಲು ಹೊರಟದ್ದು ಈ ಕೊರತೆಯನ್ನೇ.

ಮೂಸಿಯ ಪಾಠ

ಏಡನ್ ಬಂದರಿಗೆ ನೀರು ಮತ್ತು ಒಳಚರಂಡಿಯ ಯೋಜನೆ ರೂಪಿಸಿಕೊಟ್ಟ ಬಳಿಕ, 1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ನಗರದ ದೊಡ್ಡ ಭಾಗವನ್ನು ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು.

ಅವರು ಮೊದಲು ಮಾಡಿದ ಕೆಲಸ ಲೆಕ್ಕ ಕೂಡಿಸುವುದು. ಹೈದರಾಬಾದಿನ ಮತ್ತು ನೆರೆಯ ಪ್ರಾಂತಗಳ ಮಳೆಯ ದಾಖಲೆಗಳನ್ನು ತರಿಸಿಕೊಂಡು, ಇಂತಹ ಮಳೆ ಈ ಸೀಮೆಯಲ್ಲಿ ಮತ್ತೆ ಬರುವುದು ಸಾಧ್ಯವೇ ಎಂದು ಪರಿಶೀಲಿಸಿದರು. ನಗರದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಸುಮಾರು 800 ಕೆರೆಗಳಿದ್ದವು. ಆ ಮಳೆಗೆ 200ಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರು ಕೆಳಗಿನ ಕೆರೆಯನ್ನು ಒಡೆಯುತ್ತದೆ, ಅದು ಮತ್ತೊಂದನ್ನು. ಸಾಲುಕೆರೆಗಳ ನಾಡಾದ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಪ್ರವಾಹವನ್ನು ಊರಿನೊಳಗೆ ಗೋಡೆ ಕಟ್ಟಿ ತಡೆಯುವುದರ ಬದಲು, ಊರಿನ ಮೇಲೆಯೇ ಹಿಡಿದಿಟ್ಟು ನಿಧಾನವಾಗಿ ಬಿಡಬೇಕೆಂಬ ನಿರ್ಣಯಕ್ಕೆ ಅವರು ಬಂದರು. ಮೂಸಿಯ ಮೇಲೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಯ ಮೇಲೆ ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ನಗರಕ್ಕೆ ರಕ್ಷಣೆಯ ಜೊತೆಗೆ ಕುಡಿಯುವ ನೀರೂ ದೊರೆಯಿತು.

ಒಂದೇ ಜಲಾಶಯಕ್ಕೆ ಎರಡು ಕೆಲಸ ವಹಿಸಿದಾಗ ಹುಟ್ಟುವ ಬಿಕ್ಕಟ್ಟು ಇಲ್ಲಿ ಅಡಗಿದೆ. ಪ್ರವಾಹ ತಡೆಯಲು ಜಲಾಶಯ ಖಾಲಿ ಇರಬೇಕು, ಕುಡಿಯುವ ನೀರಿಗಾಗಿ ಅದು ತುಂಬಿರಬೇಕು. ಮುಂದಿನ ವಾರದ ಮಳೆ ತಿಳಿಯದೆ ಈ ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಯಾವ ಇಂಜಿನಿಯರನಿಗೂ ಕಷ್ಟ.

ಕನ್ನಂಬಾಡಿಯ ಪಣ

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಶಿವನಸಮುದ್ರದಿಂದ 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ವಿದ್ಯುತ್ತೂ ಬಡವಾಗುತ್ತಿತ್ತು. ಇತ್ತ ಮಂಡ್ಯ ಸೀಮೆಯ ಹೊಲಗಳು ಮಳೆಯನ್ನೇ ನಂಬಿಕೊಂಡಿದ್ದವು. ಈ ಎರಡಕ್ಕೂ ಉತ್ತರವಾಗಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟೆಯ ಯೋಜನೆ ಸಿದ್ಧವಾಗಿ, 1911ರ ನವೆಂಬರ್‌ನಲ್ಲಿ ಕೆಲಸ ಆರಂಭವಾಯಿತು.

ಮದ್ರಾಸ್ ಸರ್ಕಾರದ ಆಕ್ಷೇಪದಿಂದಾಗಿ 80 ಅಡಿ ಎತ್ತರದ ಮೊದಲ ಹಂತಕ್ಕೆ ಮಾತ್ರ ಒಪ್ಪಿಗೆ ದೊರೆತಾಗ, ಅವರು ಮುಂದಿನ 130 ಅಡಿಯ ಕಟ್ಟೆಯನ್ನು ಹೊರಬಲ್ಲ ಅಡಿಪಾಯವನ್ನೇ ಹಾಕಿಸಿದರು. ಇದು ಸಣ್ಣ ಪಣವಲ್ಲ. ಎರಡನೆಯ ಹಂತಕ್ಕೆ ಒಪ್ಪಿಗೆ ಬರದೆ ಹೋಗಿದ್ದರೆ ಆ ಖರ್ಚಿಗೆ ಅವರೇ ಉತ್ತರ ಹೇಳಬೇಕಿತ್ತು. ವ್ಯಾಜ್ಯ ನಡೆದು, 1924ರ ಫೆಬ್ರುವರಿಯಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಅದೇ ವರ್ಷದ ಜುಲೈನಲ್ಲಿ ದಕ್ಷಿಣ ಭಾರತವನ್ನೇ ನಡುಗಿಸಿದ ಮಹಾಪ್ರವಾಹ ಕಾವೇರಿಯಲ್ಲಿಯೂ ಬಂತು. ನದಿ ತನ್ನ ಹಿಂದಿನ ದಾಖಲೆಗಳಿಗೆ ಬದ್ಧವಲ್ಲ ಎಂಬುದನ್ನು ಕಟ್ಟುತ್ತಿದ್ದ ಅಣೆಕಟ್ಟಿನ ಎದುರಿಗೇ ಅದು ತೋರಿಸಿಕೊಟ್ಟಿತು. ಕೃಷ್ಣರಾಜಸಾಗರದ ಕೆಲಸ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಸುಮಾರು 49 ಟಿ.ಎಂ.ಸಿ. ನೀರು ಹಿಡಿಯುವ ಆ ಸಾಗರದಡಿ ಹಳೆಯ ಕನ್ನಂಬಾಡಿಯೂ ಹಲವು ಹಳ್ಳಿಗಳೂ ಮುಳುಗಿದವು. ಮಂಡ್ಯದ ಹಸಿರಿನ ಬೆಲೆಯನ್ನು ಆ ಊರುಗಳ ಜನ ತೆತ್ತರು ಎಂಬುದನ್ನೂ ಮರೆಯಬಾರದು.

1912ರಿಂದ 1918ರವರೆಗೆ ದಿವಾನರಾಗಿ ಅವರು ಮಾಡಿದ ಕೆಲಸಗಳು ಎಲ್ಲರಿಗೂ ತಿಳಿದವು. ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆ ಆರು ವರ್ಷಗಳಲ್ಲಿ ಹುಟ್ಟಿದವು. ಹಿಂದುಳಿದವರಿಗೆ ಸರ್ಕಾರಿ ನೌಕರಿಗಳಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ನಿಲುವಿಗೂ ಅವರ ನಿಲುವಿಗೂ ಹೊಂದಾಣಿಕೆಯಾಗದೆ ಅವರು ಅಧಿಕಾರ ಬಿಟ್ಟರು. ನದಿಯ ಲೆಕ್ಕದಲ್ಲಿ ಅಷ್ಟು ದೂರ ಕಂಡವರು ಸಮಾಜದ ಲೆಕ್ಕದಲ್ಲಿ ಹಿಂದೆ ಬಿದ್ದರು ಎಂಬ ಟೀಕೆ ಅಂದಿನಿಂದಲೂ ಇದೆ.

ಅರ್ಕಾವತಿಯ ಲೆಕ್ಕ

ಅಧಿಕಾರ ಬಿಟ್ಟ ನಂತರವೂ ನೀರು ಅವರನ್ನು ಬಿಡಲಿಲ್ಲ. ಬೆಂಗಳೂರಿಗೆ 1890ರ ದಶಕದಿಂದ ಹೆಸರಘಟ್ಟದ ನೀರು ಬರುತ್ತಿತ್ತು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಆ ಕೆರೆ ಬತ್ತಿದಾಗ ನಗರ ತತ್ತರಿಸಿತು. ಹೊಸ ಮೂಲವನ್ನು ಹುಡುಕುವ ಸಮಿತಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾದರು. ಅದರ ಫಲವಾಗಿ ಅರ್ಕಾವತಿ ಮತ್ತು ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ 1933ರಲ್ಲಿ ಸಿದ್ಧವಾಯಿತು. ಅದರ ಜಲಾನಯನ ಪ್ರದೇಶ ಸುಮಾರು 1,450 ಚದರ ಕಿಲೋಮೀಟರ್. ದೊಡ್ಡಬಳ್ಳಾಪುರ ಮತ್ತು ನೆಲಮಂಗಲ ತಾಲೂಕುಗಳ ದೊಡ್ಡ ಭಾಗ ಅದರೊಳಗೇ ಬರುತ್ತದೆ. ನಂದಿಯ ತಪ್ಪಲಿನಲ್ಲಿ ಹುಟ್ಟಿದವರು ನಂದಿಯ ನೀರನ್ನೇ ರಾಜಧಾನಿಗೆ ತಂದುಕೊಟ್ಟಂತಾಯಿತು.

ಆ ಲೆಕ್ಕ ಹಲವು ದಶಕಗಳ ಕಾಲ ನಿಂತಿತು. ಬಳಿಕ ಏನಾಯಿತೆಂಬುದನ್ನು ಬೆಂಗಳೂರಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. 1975ಕ್ಕೆ ಮೊದಲು ದಿನವೊಂದಕ್ಕೆ ಸರಾಸರಿ 385 ದಶಲಕ್ಷ ಲೀಟರ್ ಇದ್ದ ಒಳಹರಿವು, 2000ದ ನಂತರ 65 ದಶಲಕ್ಷ ಲೀಟರಿಗೆ ಕುಸಿದಿತ್ತು. ಇಷ್ಟು ದೊಡ್ಡ ಕುಸಿತಕ್ಕೆ ಮಳೆಯ ಕೊರತೆ ಕಾರಣವಾಗಿರಲಿಲ್ಲ. ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆ ಎಳೆದಿದ್ದವು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದಿದ್ದವು. ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಸಣ್ಣ ತಡೆಗಳದ್ದೂ ಒಂದಿಷ್ಟು ಪಾಲಿತ್ತು. ಕಲುಷಿತ ನೀರಿನ ಹಾವಳಿಯೂ ಸೇರಿ, 2012ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ಪೂರೈಸುವುದು ನಿಂತುಹೋಯಿತು.

ಒಂದು ಅಂಕಿಯ ಬದಲು ಐವತ್ತು ಅಂಕಿ

ವಿಶ್ವೇಶ್ವರಯ್ಯನವರ ಕಾಲದ ಇಂಜಿನಿಯರನ ಬಳಿ ಇದ್ದದ್ದು ಹಳೆಯ ದಾಖಲೆ ಮತ್ತು ಸ್ವಂತ ವಿವೇಚನೆ. ಅತಿ ದೊಡ್ಡ ಪ್ರವಾಹ ಇಷ್ಟು ಎಂದು ಒಂದು ಅಂಕಿಯನ್ನು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಂತೆ ಕಟ್ಟುತ್ತಿದ್ದರು. ಇಂದಿನ ನದಿ ಮುನ್ಸೂಚನೆಯ ಸಾಫ್ಟ್‌ವೇರ್ ಒಂದು ಅಂಕಿಯನ್ನು ನಂಬುವುದಿಲ್ಲ. ಇದನ್ನು ಎನ್‌ಸೆಂಬಲ್ ಪದ್ಧತಿ, ಅಂದರೆ ಸಮೂಹ ಮುನ್ಸೂಚನೆ ಎನ್ನುತ್ತಾರೆ.

ಅದರ ಕ್ರಮ ಹೀಗಿದೆ. ವಾತಾವರಣದ ಇಂದಿನ ಸ್ಥಿತಿಯನ್ನು ಯಾರೂ ನಿಖರವಾಗಿ ಅಳೆಯಲಾರರು. ಆದ್ದರಿಂದ ಆ ಸ್ಥಿತಿಯನ್ನು ಕೊಂಚ ಕೊಂಚ ಬದಲಿಸಿ ಹವಾಮಾನದ ಲೆಕ್ಕವನ್ನು ಹಲವು ಬಾರಿ ನಡೆಸುತ್ತಾರೆ. ಯೂರೋಪಿನ ಹವಾಮಾನ ಕೇಂದ್ರವೂ ಅಮೆರಿಕದ ಕೇಂದ್ರವೂ 1992ರಿಂದ ಇದನ್ನು ದಿನನಿತ್ಯದ ಕೆಲಸವಾಗಿ ಮಾಡುತ್ತಿವೆ. ಐವತ್ತು ಬಾರಿ ನಡೆಸಿದರೆ ಮುಂದಿನ ಹತ್ತು ದಿನಗಳ ಐವತ್ತು ಬಗೆಯ ಮಳೆ ದೊರೆಯುತ್ತದೆ. ನದಿಯ ಸಾಫ್ಟ್‌ವೇರ್ ಅವುಗಳಲ್ಲಿ ಪ್ರತಿಯೊಂದನ್ನೂ ಜಲಾನಯನ ಪ್ರದೇಶದ ಮೇಲೆ ಸುರಿಸಿ ನೋಡುತ್ತದೆ. ಮಣ್ಣು ಎಷ್ಟು ಕುಡಿಯಿತು, ಎಷ್ಟು ಹಳ್ಳಕ್ಕೆ ಹರಿಯಿತು, ಹಳ್ಳದಿಂದ ನದಿಗೆ ಬರಲು ಎಷ್ಟು ಹೊತ್ತಾಯಿತು, ಜಲಾಶಯದ ಮಟ್ಟ ಎಷ್ಟು ಏರಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಎಣಿಸುತ್ತದೆ. ಐವತ್ತರಲ್ಲಿ ನಲವತ್ತು ಲೆಕ್ಕಗಳು ಅಪಾಯದ ಮಟ್ಟ ದಾಟಿದರೆ, ಪ್ರವಾಹದ ಸಾಧ್ಯತೆ ನೂರಕ್ಕೆ ಎಂಬತ್ತು ಎನ್ನುತ್ತದೆ. ಹೀಗೆ ಎಂಬತ್ತು ಎಂದ ಹತ್ತು ಸಂದರ್ಭಗಳಲ್ಲಿ ಸುಮಾರು ಎಂಟು ಬಾರಿ ಪ್ರವಾಹ ಬಂದಿದ್ದರೆ ಮಾತ್ರ ಆ ಸಾಫ್ಟ್‌ವೇರ್ ನಂಬಿಕೆಗೆ ಅರ್ಹ.

ಇಡೀ ಋತುವಿನ ನೀರಿನ ಅಂದಾಜಿಗೆ ಇನ್ನೊಂದು ಉಪಾಯವಿದೆ. ಇಂದಿನ ಜಲಾಶಯದ ಮಟ್ಟ ಮತ್ತು ಮಣ್ಣಿನ ತೇವವನ್ನು ಹಾಗೆಯೇ ಇಟ್ಟುಕೊಂಡು, ಕಳೆದ ಮೂವತ್ತು ನಲವತ್ತು ವರ್ಷಗಳ ಮಳೆಯನ್ನು ಒಂದೊಂದಾಗಿ ಅದರ ಮೇಲೆ ಹಾಯಿಸುವುದು. ಈ ವರ್ಷದ ಮುಂಗಾರು 2018ರಂತೆ ಬಂದರೆ ಏನು, 2023ರಂತೆ ಕೈಕೊಟ್ಟರೆ ಏನು ಎಂಬ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಸಿಗುತ್ತದೆ. 2023ರಲ್ಲಿ ತುಂಬದ ಕೃಷ್ಣರಾಜಸಾಗರ 2024ರ ಜುಲೈನಲ್ಲಿ ತುಂಬಿ ತುಳುಕಿತು. ಈ ಏರಿಳಿತದ ನಡುವೆ ನೀರು ಬಿಡುವ ತೀರ್ಮಾನ ಕೈಗೊಳ್ಳುವ ಅಧಿಕಾರಿಗೆ, ಒಂದೇ ಅಂಕಿಗಿಂತ ಸಾಧ್ಯತೆಗಳ ಪಟ್ಟಿ ಹೆಚ್ಚು ಉಪಯುಕ್ತ.

ನಮ್ಮ ದೇಶದಲ್ಲಿ ಪ್ರವಾಹ ಮುನ್ಸೂಚನೆಯ ಸರ್ಕಾರಿ ಕೆಲಸ 1958ರಲ್ಲಿ ದೆಹಲಿಯ ಯಮುನೆಯಿಂದ ಆರಂಭವಾಯಿತು. ಕರ್ನಾಟಕದಲ್ಲಿ 1988ರಲ್ಲಿ ಬರ ಪರಿಶೀಲನೆಗೆಂದು ಹುಟ್ಟಿದ ಘಟಕವೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಅದರ 6,000ಕ್ಕೂ ಹೆಚ್ಚು ಮಳೆಮಾಪಕಗಳು ಹರಡಿಕೊಂಡಿವೆ. ಒಂದು ಹೋಬಳಿಯಲ್ಲಿ ಸುರಿದ ಮಳೆಯ ಲೆಕ್ಕಕ್ಕಾಗಿ ಅಂಚೆಯನ್ನು ಕಾಯುತ್ತಿದ್ದ ವಿಶ್ವೇಶ್ವರಯ್ಯನವರ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸಂಪತ್ತು.

ಖಡಕ್‌ವಾಸ್ಲಾದ ಕೊನೆ

1955ರಲ್ಲಿ ಭಾರತರತ್ನ ಅವರ ಮನೆಬಾಗಿಲಿಗೆ ಬಂತು. 1960ರಲ್ಲಿ ಶತಮಾನೋತ್ಸವ ನಡೆದು, ಅಂಚೆಚೀಟಿಯೂ ಹೊರಬಂತು. ಮರುವರ್ಷ ಜುಲೈ 12ರಂದು ಪುಣೆಯ ಮೇಲ್ಭಾಗದಲ್ಲಿ, ಇನ್ನೂ ಪೂರ್ತಿ ಮುಗಿಯದಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿದ್ದ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು, ಪುಣೆ ನಗರ ಜಲಾವೃತವಾಯಿತು. ಆರು ದಶಕಗಳ ಹಿಂದೆ ತಮ್ಮ ಬಾಗಿಲುಗಳನ್ನು ನಿಲ್ಲಿಸಿದ್ದ ಅಣೆಕಟ್ಟೆಯ ನಾಶದ ಸುದ್ದಿ ಬಂದಾಗ ವಿಶ್ವೇಶ್ವರಯ್ಯನವರು ಬದುಕಿದ್ದರು. ಬಾಗಿಲುಗಳ ವಿನ್ಯಾಸ ಅದಕ್ಕೆ ಕಾರಣವಾಗಿರಲಿಲ್ಲ. ಮೇಲಿನ ಅಣೆಕಟ್ಟು ಒಡೆದು ಬಂದ ನೀರು ಕೆಳಗಿನದರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೆ. ಮೂಸಿಯ ಕೆರೆಗಳು 1908ರಲ್ಲಿ ಕಲಿಸಿದ್ದ ಪಾಠವೇ ಮರುಕಳಿಸಿತ್ತು.

1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟಿದೂರಾದ ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ.

ಲೆಕ್ಕವೂ ಹಳತಾಗುತ್ತದೆ

ಅವರ ಬಾಳಿನಿಂದ ಇಂದಿನ ಸಾಫ್ಟ್‌ವೇರ್ ಬರೆಯುವವರು ಕಲಿಯಬೇಕಾದದ್ದು ಎರಡಿದೆ. ಮೊದಲನೆಯದು ಅಳತೆಯ ಮೇಲಿನ ಶ್ರದ್ಧೆ. ಮಳೆಮಾಪಕವೊಂದೇ ಸಾಲದು. ಹಳ್ಳದಲ್ಲಿ, ಕೋಡಿಯಲ್ಲಿ, ನದಿಯಲ್ಲಿ ನಿಜವಾಗಿ ಎಷ್ಟು ನೀರು ಹರಿಯಿತು ಎಂಬುದನ್ನು ಅಳೆದು ಮುನ್ಸೂಚನೆಗೆ ತಾಳೆ ಹಾಕದಿದ್ದರೆ ಐವತ್ತು ಲೆಕ್ಕಗಳೂ ಒಟ್ಟಿಗೆ ತಪ್ಪಬಹುದು.

ಎರಡನೆಯದನ್ನು ಅರ್ಕಾವತಿ ಹೇಳುತ್ತದೆ. 1933ರ ನೆಲಕ್ಕೆ ಹೊಂದಿಸಿದ ಲೆಕ್ಕ ಇಂದಿನ ನೆಲಕ್ಕೆ ಹೊಂದುವುದಿಲ್ಲ. ಹಳೆಯ ಒಳಹರಿವಿನ ದಾಖಲೆಗಳನ್ನು ಕೊಟ್ಟು ತರಬೇತಿ ಮಾಡಿದ ಸಾಫ್ಟ್‌ವೇರ್, ದೊಡ್ಡಬಳ್ಳಾಪುರದ ಮಳೆಯನ್ನು ನೋಡಿ ತಿಪ್ಪಗೊಂಡನಹಳ್ಳಿಗೆ ಬಾರದ ನೀರನ್ನು ಬರುತ್ತದೆಂದು ಹೇಳೀತು. ಮಳೆ ಎಷ್ಟೇ ಬಗೆಯಾಗಿ ಬದಲಿಸಿದರೂ ಈ ತಪ್ಪು ಸರಿಯಾಗದು, ಏಕೆಂದರೆ ತಪ್ಪಿರುವುದು ನೆಲದ ಲೆಕ್ಕದಲ್ಲಿ. ಇನ್ನೊಂದೆಡೆ, ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ಕಾಂಕ್ರೀಟು ಹರಡುತ್ತಿದೆ. ಮಣ್ಣು ಕುಡಿಯುತ್ತಿದ್ದ ಮಳೆ ಅಂತಹ ಕಡೆಗಳಲ್ಲಿ ನೇರವಾಗಿ ರಾಜಕಾಲುವೆಗೆ ಧಾವಿಸುತ್ತದೆ. ಒಂದೇ ಜಿಲ್ಲೆಯಲ್ಲಿ ಬತ್ತುವ ನದಿಯೂ ಉಕ್ಕುವ ಕಾಲುವೆಯೂ ಜೊತೆಯಾಗಿರುವಾಗ, ಕೊಳವೆಬಾವಿ, ನೀಲಗಿರಿ, ಒತ್ತುವರಿ, ಕಾಂಕ್ರೀಟುಗಳನ್ನು ಲೆಕ್ಕಕ್ಕೆ ಸೇರಿಸದ ಮುನ್ಸೂಚನೆಯಿಂದ ರೈತನಿಗೂ ನಗರವಾಸಿಗೂ ಪ್ರಯೋಜನವಿಲ್ಲ.

ಇಂಜಿನಿಯರುಗಳ ದಿನದಂದು ಸರ್ ಎಂ.ವಿ. ಅವರ ಪ್ರತಿಮೆಗೆ ಹಾರ ಹಾಕುವುದು ಸುಲಭ. ಅರ್ಕಾವತಿ, ಕುಮುದ್ವತಿ, ದಕ್ಷಿಣ ಪಿನಾಕಿನಿಗಳ ಹಳ್ಳಹಳ್ಳಗಳಲ್ಲಿ ನೀರಿನ ಮಟ್ಟ ಅಳೆಯುವ ಪಟ್ಟಿ ನೆಟ್ಟು, ಆ ಅಂಕಿಗಳನ್ನು ವರ್ಷಾನುಗಟ್ಟಲೆ ತಪ್ಪದೆ ಬರೆದಿಡುವುದು ಕಷ್ಟ. ಅವರು ತಮ್ಮ ಜೀವನವಿಡೀ ಮಾಡಿದ್ದು ಈ ಕಷ್ಟದ ಕೆಲಸವನ್ನೇ.